ಹಡಗಿನ ಫಿರಂಗಿ ರೈಲು ಏರಿದ ಕಥೆ: ಕೊಪ್ಪಳ ಕೋಟೆಗೂ ಅದಕ್ಕೂ ನಂಟಿದೆಯೇ?

ರೈಲು ಬೋಗಿಯ ಮೇಲೆ ಕೂತ ಭಾರೀ ಫಿರಂಗಿಯ ಫೋಟೊ. ಕೆಳಗೆ ‘ಕೊಪ್ಪಳ ಕೋಟೆಗೆ ಟಿಪ್ಪು ತರಿಸಿದ್ದ ಫ್ರೆಂಚ್ ಫಿರಂಗಿ’ ಎಂಬ ಸಾಲು. ಇಂಥದ್ದೊಂದು ಮೆಸೇಜು ಬಂತು ಎಂದುಕೊಳ್ಳಿ. ಗಂಗಾವತಿಯ ಗ್ರೂಪಿನಿಂದ ಕುಷ್ಟಗಿಗೆ, ಅಲ್ಲಿಂದ ಯಲಬುರ್ಗಾಕ್ಕೆ ಹೋಗಲು ಎಷ್ಟು ಹೊತ್ತು ಬೇಕು? ನಂಬುವುದೂ ಸುಲಭ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ.

ಯಾವುದು ನಿಜ?

1786ರಲ್ಲಿ ಪಾಳೆಯಗಾರನಿಂದ ಕೊಪ್ಪಳ ಕೋಟೆಯನ್ನು ವಶಪಡಿಸಿಕೊಂಡ ಟಿಪ್ಪು ಸುಲ್ತಾನ್, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಅದನ್ನು ಮತ್ತೆ ಕಟ್ಟಿಸಿದ. 1790–91ರಲ್ಲಿ ನಿಜಾಮ ಮತ್ತು ಬ್ರಿಟಿಷ್ ಪಡೆಗಳು ಸುಮಾರು ಆರು ತಿಂಗಳು ಮುತ್ತಿಗೆ ಹಾಕಿದವು. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿದ್ದ ಮೇಲಷ್ಟೇ, ಏಪ್ರಿಲ್‌ನಲ್ಲಿ ಕೊಪ್ಪಳ ಶರಣಾಯಿತು.

ಹಾಗಾದರೆ ರೈಲಿನ ಮೇಲಿನ ಫಿರಂಗಿ?

ಅದು ಮೊದಲ ಮಹಾಯುದ್ಧದ ಕಾಲದ್ದು. 1914ರಲ್ಲಿ ಫ್ರೆಂಚ್ ಸೈನ್ಯ ಹಗುರವಾದ 75 ಮಿ.ಮೀ. ಫಿರಂಗಿಯನ್ನೇ ಹೆಚ್ಚು ನಂಬಿತ್ತು. ಯುದ್ಧ ಕಂದಕಗಳಿಗೆ ಇಳಿದಾಗ ಅದು ಸಾಲಲಿಲ್ಲ. ದೊಡ್ಡ ಫಿರಂಗಿಗಳಿದ್ದದ್ದು ನೌಕಾಪಡೆ ಮತ್ತು ಕರಾವಳಿ ಕೋಟೆಗಳ ಬಳಿ. ‘ನಾರ್ಮಂಡಿ’ ವರ್ಗದ ಯುದ್ಧನೌಕೆಗಳ ಕೆಲಸ ಅರ್ಧಕ್ಕೆ ನಿಂತಿದ್ದರಿಂದ, ಅವುಗಳಿಗೆಂದು ತಯಾರಾದ 340 ಮಿ.ಮೀ. ಫಿರಂಗಿಗಳಲ್ಲಿ ಕೆಲವು ರೈಲು ಏರಿದವು.

ಕಷ್ಟವಿದ್ದದ್ದು ಹಿಂದೊದೆತದಲ್ಲಿ. ಸಮುದ್ರದಲ್ಲಿ ಅದನ್ನು ಹಡಗಿನ ಒಡಲೇ ತಾಳಿಕೊಳ್ಳುತ್ತದೆ. ನೆಲದ ಮೇಲೆ? ಒಂದು ಬಗೆಯ ಗಾಡಿಯಲ್ಲಿ ಅಡಿಯ ಮರದ ತೊಲೆಗಳನ್ನು ಕೆಳಕ್ಕಿಳಿಸಿ ಊರುತ್ತಿದ್ದರು. ಗುಂಡು ಹಾರಿದಾಗ ಇಡೀ ಗಾಡಿಯೇ ತುಸು ಹಿಂದಕ್ಕೆ ಜಾರಿ ನಿಲ್ಲುತ್ತಿತ್ತು. ಗುರಿ ಎಡಕ್ಕೋ ಬಲಕ್ಕೋ ಬದಲಾಗಬೇಕೆಂದರೆ ಬಾಗಿದ ಹಳಿಯ ಮೇಲೆ ಗಾಡಿಯನ್ನು ಹಿಂದೆ ಮುಂದೆ ಸರಿಸುತ್ತಿದ್ದರು.

ಪತ್ತೆ ಹಚ್ಚುವುದು ಹೇಗೆ?

ಇಸವಿ ನೋಡಿದರೆ ಸಾಕು. ಟಿಪ್ಪು ಮಡಿದದ್ದು 1799ರಲ್ಲಿ. ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ. ಇನ್ನೊಂದು ಗುರುತು: ಟಿಪ್ಪು ಕಾಲದ ಫಿರಂಗಿಗಳಿಗೆ ಸಾಮಾನ್ಯವಾಗಿ ಮದ್ದುಗುಂಡು ತುಂಬುತ್ತಿದ್ದದ್ದು ಬಾಯಿಯ ಕಡೆಯಿಂದ. ಹಿಂಬದಿಯಲ್ಲಿ ತೆರೆದು ಮುಚ್ಚುವ ಉಕ್ಕಿನ ಬಾಗಿಲಿದ್ದರೆ ಅದು ಬಹಳ ಈಚಿನದು.

‘ಫೋಟೊ ತಪ್ಪಾದರೇನು, ಊರಿನ ಹೆಮ್ಮೆಯಲ್ಲವೇ?’ ಎನ್ನಬಹುದು. ಆದರೆ ಫೋಟೊ ಸುಳ್ಳೆಂದು ಗೊತ್ತಾದ ದಿನ ಆರು ತಿಂಗಳ ಮುತ್ತಿಗೆಯ ಮಾತನ್ನೂ ಜನ ನಂಬುವುದಿಲ್ಲ. ಕೊಪ್ಪಳದ ಕೋಟೆಗೆ ಎರವಲು ಫಿರಂಗಿ ಬೇಕಿಲ್ಲ. ಫಾರ್ವರ್ಡ್ ಮಾಡುವುದಾದರೆ ಅದರ ನಿಜವಾದ ಕಥೆಯನ್ನೇ ಮಾಡಿ.