ಏಕಕಾಲದಲ್ಲಿ ಎರಡು ಪದವಿ: ನ್ಯಾನೋ ತಂತ್ರಜ್ಞಾನ ಮತ್ತು ಅನ್ವಯಿಕ ವಿಜ್ಞಾನ
ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ವಯ, ಪಿಎಚ್.ಡಿ. ಹೊರತುಪಡಿಸಿ, ವಿದ್ಯಾರ್ಥಿಯು ಏಕಕಾಲದಲ್ಲಿ ಎರಡು ಕೋರ್ಸುಗಳನ್ನು ವ್ಯಾಸಂಗ ಮಾಡಬಹುದಾಗಿದೆ. ಆಯಾ ವಿಶ್ವವಿದ್ಯಾಲಯದ ನಿಯಮವೂ ಅದಕ್ಕೆ ಅವಕಾಶ ನೀಡಿರಬೇಕು. ಎರಡೂ ಪೂರ್ಣಾವಧಿ ತರಗತಿಗಳಾಗಿದ್ದಲ್ಲಿ ಒಂದರ ವೇಳೆಯಲ್ಲಿ ಮತ್ತೊಂದು ಬರುವಂತಿಲ್ಲ. ಷರತ್ತು ಚಿಕ್ಕದೆಂದು ಕಂಡರೂ ನ್ಯಾನೋ ತಂತ್ರಜ್ಞಾನದ ಜೊತೆಗೆ ಅನ್ವಯಿಕ ವಿಜ್ಞಾನವನ್ನೂ ಓದಬಯಸುವವರಿಗೆ ಇದೇ ಮುಖ್ಯ ತೊಡಕು. ಮೀಟರಿನ ನೂರು ಕೋಟಿಯಲ್ಲೊಂದು ಭಾಗದ ಅಳತೆಯಲ್ಲಿ ನಡೆಯುವ ಪ್ರಯೋಗಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಧೂಳುರಹಿತ ಕೊಠಡಿ ಮೊದಲಾದವು ಬೇಕು; ಗಂಟೆ ಹೊಡೆದೊಡನೆ ಬಿಟ್ಟೇಳುವ ಕೆಲಸವಲ್ಲ. ಎರಡನೆಯ ಪದವಿಯನ್ನು ಮಾನ್ಯತೆ ಪಡೆದ ದೂರಶಿಕ್ಷಣದ ಮೂಲಕ ಪಡೆಯಬಹುದಾದರೂ ಪ್ರಯೋಗಾಲಯವು ಅಂಚೆಯಲ್ಲಿ ಬರುವುದಿಲ್ಲ. ಆದುದರಿಂದ ನ್ಯಾನೋ ತಂತ್ರಜ್ಞಾನವನ್ನು ಕಾಲೇಜಿನಲ್ಲಿಯೂ, ಗಣಿತದಂತಹ ವಿಷಯವನ್ನು ದೂರಶಿಕ್ಷಣದಲ್ಲಿಯೂ ಆರಿಸುವುದು ಸೂಕ್ತ. ಕಾಲೇಜಿನಲ್ಲಿಯೇ ಎರಡನ್ನೂ ಓದುವವರು ಶುಲ್ಕ ಪಾವತಿಸುವ ಮುನ್ನ, ಪ್ರಯೋಗಾಲಯದ ಅವಧಿಯೂ ಸೇರಿದಂತೆ, ಎರಡೂ ವೇಳಾಪಟ್ಟಿಗಳನ್ನು ಪಡೆದು ತಾಳೆ ನೋಡತಕ್ಕದ್ದು.