ಗಾಳಿ, ಎಣ್ಣೆ ಮತ್ತು ಗುಡ್ಡ ಇಳಿಯುವ ಸೈಕಲ್ಲು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಮರಿನ್ ಕೌಂಟಿ ಸಿಗುತ್ತದೆ. ಅಲ್ಲಿನ ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಊರಿನ ಬಳಿ ಗುಡ್ಡದಿಂದ ಇಳಿಯುವ ಒಂದು ಮಣ್ಣುದಾರಿಗೆ ‘ರೀಪ್ಯಾಕ್’ ಎಂದು ಹೆಸರು. ಸುಮಾರು ಎರಡು ಮೈಲಿಯೊಳಗೆ 1,300 ಅಡಿ ಇಳಿಯುವ ದಾರಿ ಅದು. 1976ರಿಂದ ಕೆಲವು ವರ್ಷ ಅಲ್ಲಿ ಹುಡುಗರು ಗುಜರಿ ಸೇರಬೇಕಾಗಿದ್ದ ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಹೊತ್ತು ತಂದು ಪಂದ್ಯ ಕಟ್ಟುತ್ತಿದ್ದರು. ಆ ಸೈಕಲ್ಲುಗಳಲ್ಲಿ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ, ಹಿಂಗಾಲಿಯ ಹಬ್ಬಿನೊಳಗೇ ಅಡಗಿದ ಬ್ರೇಕು. ಒಂದು ಸಲ ಗುಡ್ಡ ಇಳಿದರೆ ಹಬ್ಬು ಕಾದ ಕಾವಲಿಯಂತಾಗಿ ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮುಂದಿನ ಸುತ್ತಿಗೆ ಮೊದಲು ಹಬ್ಬು ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಇಂಗ್ಲಿಷಿನಲ್ಲಿ ಹಾಗೆ ಮರಳಿ ತುಂಬುವುದೇ ‘ರೀಪ್ಯಾಕ್’. ಒಂದು ಪಂದ್ಯದ ದಾರಿಗೆ ಗೆದ್ದವನ ಹೆಸರಲ್ಲ, ಗ್ರೀಸು ತುಂಬುವ ಕೆಲಸದ ಹೆಸರು ಬಂದದ್ದು ಪ್ರಪಂಚದಲ್ಲಿ ಬಹುಶಃ ಇದೊಂದೇ ಇರಬೇಕು!

ಇಂದಿನ ಮೌಂಟನ್ ಬೈಕ್ ಹುಟ್ಟಿದ್ದು ಈ ಹುಡುಗಾಟಿಕೆಯಿಂದಲೇ. ಆ ಗುಂಪಿನ ಜೋ ಬ್ರೀಜ್ 1977ರಲ್ಲಿ ಗುಡ್ಡಕ್ಕೆಂದೇ ಹೊಸ ಚೌಕಟ್ಟು ಕಟ್ಟಿದ. ಆದರೂ ಮುಂದಿನ ಹತ್ತು-ಹನ್ನೆರಡು ವರ್ಷ ಸವಾರನ ಮೊಣಕೈ, ಮೊಣಕಾಲುಗಳೇ ಶಾಕ್ ಅಬ್ಸಾರ್ಬರುಗಳಾಗಿದ್ದವು. ಮೋಟಾರು ಸೈಕಲ್ಲಿನ ಲೋಕದಿಂದ ಬಂದ ಪಾಲ್ ಟರ್ನರ್ ಎಂಬಾತ 1989ರಲ್ಲಿ ‘ರಾಕ್‌ಶಾಕ್ಸ್’ ಕಂಪನಿ ಕಟ್ಟಿ, ಗಾಳಿ-ಎಣ್ಣೆ ತುಂಬಿದ ಮುಂಗಾಲಿಯ ಫೋರ್ಕನ್ನು ಹೊರತಂದ. ಅದು ಕುಗ್ಗುತ್ತಿದ್ದುದು ಸುಮಾರು ಎರಡೇ ಇಂಚು. ಆಡಿಕೊಂಡವರೂ ಇದ್ದರು. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗುಡ್ಡ ಇಳಿಯುವ ಪಂದ್ಯವನ್ನು ಗ್ರೆಗ್ ಹರ್ಬೋಲ್ಡ್, ಗುಡ್ಡಗಾಡು ಸುತ್ತುವ ಪಂದ್ಯವನ್ನು ನೆಡ್ ಓವರೆಂಡ್ ಅದೇ ಫೋರ್ಕಿನಿಂದ ಗೆದ್ದ ಮೇಲೆ ಬಾಯಿಗಳು ಮುಚ್ಚಿದವು. ಮುಂದೆ ಹಿಂಗಾಲಿಗೂ ಕೀಲು ಬಂತು, ಶಾಕ್ ಬಂತು. ಎರಡೂ ಗಾಲಿ ಮೇಲೆ-ಕೆಳಗೆ ಆಡುವ ಇಂಥ ಸೈಕಲ್ಲಿಗೇ ‘ಫುಲ್ ಸಸ್ಪೆನ್ಷನ್’ ಎನ್ನುವುದು. ಗುಡ್ಡ ಇಳಿಯುವ ಪಂದ್ಯದ ಇಂದಿನ ಸೈಕಲ್ಲುಗಳ ಗಾಲಿ 200 ಮಿಲಿಮೀಟರಿನಷ್ಟು, ಎಂದರೆ ಒಂದು ಗೇಣಿನಷ್ಟು, ಆಡುತ್ತದೆ.

ಇಷ್ಟೆಲ್ಲ ಕುಂಡಿ ನೋಯದಿರಲಿ ಎಂದು ಮಾಡಿದ್ದೆಂದು ಬಹಳ ಮಂದಿ ತಿಳಿದಿದ್ದಾರೆ. ಸುಖ ಬರುತ್ತದೆ, ನಿಜ. ಆದರೆ ಅಸಲು ಕೆಲಸ ಬೇರೆ. ಕಲ್ಲಿಗೆ ಬಡಿದ ಗಾಲಿ ನೆಲ ಬಿಟ್ಟು ಎದ್ದಷ್ಟು ಹೊತ್ತು ಬ್ರೇಕು ಹಿಡಿದರೂ ಒಂದೇ, ಹಿಡಿಯದಿದ್ದರೂ ಒಂದೇ. ಹ್ಯಾಂಡಲ್ ತಿರುಗಿಸಿದರೂ ಪ್ರಯೋಜನವಿಲ್ಲ. ಟಯರನ್ನು ನೆಲಕ್ಕೆ ಅಂಟಿಸಿ ಇಡುವುದೇ ಸಸ್ಪೆನ್ಷನ್ನಿನ ಕಸುಬು. ಆ ಲೆಕ್ಕದಲ್ಲಿ ನೋಡಿದರೆ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದ ಗಾಳಿ ತುಂಬಿದ ಟಯರೇ ಸೈಕಲ್ಲಿನ ಹಿರಿಯ ಸಸ್ಪೆನ್ಷನ್ನು. ಸಾವಿರಾರು ರೂಪಾಯಿಯ ಶಾಕ್ ಹಾಕಿಸಿ, ಟಯರಿಗೆ ಕಲ್ಲಿನಂತೆ ಗಾಳಿ ಹೊಡೆಸುವವರು ಇದನ್ನು ಗಮನಿಸಬೇಕು.

ಸಸ್ಪೆನ್ಷನ್ನಿನೊಳಗೆ ಇಬ್ಬರು ಆಳುಗಳಿದ್ದಾರೆ ಎನ್ನಿ. ಒಬ್ಬ ಸ್ಪ್ರಿಂಗು: ಉಕ್ಕಿನ ಸುರುಳಿಯೋ ಒತ್ತಿ ತುಂಬಿದ ಗಾಳಿಯೋ ಆಗಿರಬಹುದು. ಹೊಡೆತವನ್ನು ನುಂಗಿಕೊಳ್ಳುತ್ತಾನೆ, ಆದರೆ ನುಂಗಿದ್ದನ್ನು ಅರಗಿಸಿಕೊಳ್ಳಲಾರ; ಮರುಕ್ಷಣವೇ ವಾಪಸು ಕಕ್ಕುತ್ತಾನೆ. ಅರಗಿಸುವ ಕೆಲಸ ಎರಡನೆಯವನದು. ಅವನಿಗೆ ಡ್ಯಾಂಪರ್ ಎಂದು ಹೆಸರು. ಸಣ್ಣ ಸಣ್ಣ ತೂತುಗಳ ಮೂಲಕ ಎಣ್ಣೆಯನ್ನು ಬಲವಂತವಾಗಿ ಹಾಯಿಸಿ, ಆ ಹೊಡೆತದ ಶಕ್ತಿಯನ್ನು ಬಿಸಿಯಾಗಿ ಮಾಡಿ ಹೊರಹಾಕುತ್ತಾನೆ. ಆಫೀಸುಗಳ ಬಾಗಿಲಿನ ಮೇಲೆ ಕೂತು, ಬಾಗಿಲು ದಢಾರೆಂದು ಬಡಿಯದಂತೆ ಮೆಲ್ಲಗೆ ಮುಚ್ಚುವ ಸಲಕರಣೆಯನ್ನು ನೋಡಿದ್ದೀರಲ್ಲ? ಅದರೊಳಗಿನ ಎಣ್ಣೆಯದೂ ಇದೇ ಕೆಲಸ. ಉದ್ದನೆಯ ಇಳಿಜಾರು ಇಳಿದು ಬಂದ ಸೈಕಲ್ಲಿನ ಹಿಂದಿನ ಶಾಕನ್ನು ಮುಟ್ಟಿದರೆ ಕೈಗೆ ಬಿಸಿ ತಾಗುವುದು ಇದರಿಂದಲೇ.

ಪೇಟೆಯ ಸೈಕಲ್ ಅಂಗಡಿಗಳಲ್ಲಿ ಹುಡುಗರು ಹಟ ಹಿಡಿದು ಕೊಡಿಸಿಕೊಳ್ಳುವ ‘ಡಬಲ್ ಶಾಕ್’ ಸೈಕಲ್ಲಿನ ಕತೆಯೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಸೀಟಿನ ಕೆಳಗೆ ಕೆಂಪು ಬಣ್ಣದ ದಪ್ಪ ಸ್ಪ್ರಿಂಗು ಮಿಂಚುತ್ತಿರುತ್ತದೆ. ಅಗ್ಗದ ಮಾದರಿಗಳಲ್ಲಿ ಅದರ ಜೊತೆಗಿರಬೇಕಾದ ಎಣ್ಣೆಯ ಡ್ಯಾಂಪರೇ ಇರುವುದಿಲ್ಲ. ಒಬ್ಬ ಆಳು ಮಾತ್ರ, ಅವನೂ ಕಕ್ಕುವವನು. ಏರಿನಲ್ಲಿ ಹುಡುಗ ತುಳಿದ ಶಕ್ತಿಯಲ್ಲಿ ಒಂದಿಷ್ಟು ಸೈಕಲ್ಲನ್ನು ಮೇಲೆ-ಕೆಳಗೆ ಕುಣಿಸುವುದಕ್ಕೇ ಖರ್ಚು. ಜೊತೆಗೆ ಕಿಲೋಗಟ್ಟಲೆ ಹೆಚ್ಚಿನ ಭಾರ. ಟಾರು ರಸ್ತೆಯಲ್ಲಿ ಶಾಲೆಗೆ ಹೋಗಿ ಬರುವ ಹುಡುಗನಿಗೆ ಅದೇ ದುಡ್ಡಿನಲ್ಲಿ ಶಾಕ್ ಇಲ್ಲದ ಒಳ್ಳೆಯ ಬ್ರೇಕಿನ ಸೈಕಲ್ಲು ಕೊಡಿಸುವುದು ಜಾಣತನ.

ಇನ್ನು ನಿಜವಾದ ಫುಲ್ ಸಸ್ಪೆನ್ಷನ್ ಸೈಕಲ್ಲಿಗೆ ಬರೋಣ. ಬೆಲೆ ಲಕ್ಷಗಳಲ್ಲಿ. ಆದರೆ ಅಂಗಡಿಯಿಂದ ತಂದ ದಿನ ಅದು ಯಾರ ಸೈಕಲ್ಲೂ ಅಲ್ಲ. ಸವಾರನ ತೂಕ ಅದಕ್ಕೆ ಗೊತ್ತಿಲ್ಲ. ದರ್ಜಿ ಅಳತೆ ತೆಗೆದುಕೊಂಡಂತೆ ಮೊದಲು ‘ಸ್ಯಾಗ್’ ಅಳೆಯಬೇಕು. ಸವಾರ ಸುಮ್ಮನೆ ಕೂತಾಗ ಅವನ ಭಾರಕ್ಕೆ ಶಾಕ್ ಎಷ್ಟು ಕುಸಿಯುತ್ತದೆ ಎಂಬುದೇ ಸ್ಯಾಗ್. ಗಾಲಿ ಗುಂಡಿಗೆ ಇಳಿಯುವಾಗ ಕೆಳಕ್ಕೆ ಚಾಚಿಕೊಳ್ಳಲೂ ಜಾಗ ಬೇಕಲ್ಲ, ಅದಕ್ಕೇ ಈ ಕುಸಿತ. ಶಾಕಿನ ನುಣುಪಾದ ಕಂಬದ ಮೇಲೆ ಒಂದು ತೆಳು ರಬ್ಬರ್ ಬಳೆ ಇರುತ್ತದೆ. ಹೆಲ್ಮೆಟ್ಟು, ಶೂ, ನೀರಿನ ಚೀಲ ಎಲ್ಲ ತೊಟ್ಟು, ಗೋಡೆಗೆ ಒಂದು ಕೈ ಕೊಟ್ಟು ಸೈಕಲ್ಲಿನ ಮೇಲೆ ಕುಳಿತು, ಆ ಬಳೆಯನ್ನು ಸೀಲಿಗೆ ತಾಗುವಂತೆ ಸರಿಸಿ, ಕುಣಿಯದೆ ಮೆಲ್ಲಗೆ ಇಳಿಯಬೇಕು. ಬಳೆ ಎಷ್ಟು ದೂರ ಸರಿದು ನಿಂತಿದೆಯೋ ಅದೇ ಸ್ಯಾಗ್. ಕಾಡುದಾರಿಯ ಸೈಕಲ್ಲಿಗೆ ಹಿಂದೆ ನೂರಕ್ಕೆ 25ರಿಂದ 30, ಮುಂದೆ 15ರಿಂದ 20ರಷ್ಟು ಇದ್ದರೆ ಆರಂಭಕ್ಕೆ ಸರಿ. 55 ಮಿಲಿಮೀಟರು ಕುಗ್ಗುವ ಶಾಕಿನಲ್ಲಿ ಬಳೆ ಹದಿನಾರು-ಹದಿನೇಳು ಮಿಲಿಮೀಟರು ಸರಿದರೆ ನೂರಕ್ಕೆ 30 ಆಯಿತು. ಹೆಚ್ಚು ಸರಿದರೆ ಗಾಳಿ ಸಾಲದು, ಕಡಿಮೆ ಸರಿದರೆ ಗಾಳಿ ಹೆಚ್ಚು.

ಗಾಳಿ ತುಂಬಲು ಪಂಕ್ಚರ್ ಅಂಗಡಿಯ ಪಂಪು ನಡೆಯದು. ಹಿಂದಿನ ಶಾಕಿನಲ್ಲಿ 150-200 ಪಿಎಸ್‌ಐ ಒತ್ತಡ ಸಾಮಾನ್ಯ; ಕಾರಿನ ಟಯರಿನಲ್ಲಿರುವುದು 30-35. ಇದಕ್ಕೆಂದೇ ಗಡಿಯಾರ ಸಹಿತವಾದ ಪುಟ್ಟ ಶಾಕ್ ಪಂಪು ಬರುತ್ತದೆ. ಸವಾರನ ತೂಕ ಪೌಂಡುಗಳಲ್ಲಿ ಎಷ್ಟೋ ಅಷ್ಟು ಪಿಎಸ್‌ಐ ಎಂದು ಅನೇಕ ಸೈಕಲ್ಲುಗಳಿಗೆ ಆರಂಭದ ಲೆಕ್ಕ ಹೇಳುತ್ತಾರೆ. 70 ಕಿಲೋದವನಿಗೆ 154. ನಡುನಡುವೆ ಸೀಟನ್ನು ಒತ್ತಿ ಹತ್ತಾರು ಸಲ ಶಾಕನ್ನು ಕುಗ್ಗಿಸಬೇಕು. ಶಾಕಿನೊಳಗೆ ಪಿಸ್ಟನ್ನಿನ ಆ ಬದಿಗೊಂದು, ಈ ಬದಿಗೊಂದು ಎರಡು ಗಾಳಿಯ ಕೋಣೆಗಳಿದ್ದು, ಕುಗ್ಗಿಸಿದಾಗಲೇ ಗಾಳಿ ಎರಡಕ್ಕೂ ಹಂಚಿಕೆಯಾಗುವುದು. ಪಂಪು ಕಳಚುವಾಗ ‘ಬುಸ್’ ಎಂದರೆ ಗಾಬರಿ ಬೇಡ, ಅದು ಪಂಪಿನ ಕೊಳವೆಯ ಗಾಳಿ. ಮತ್ತೆ ಪಂಪು ಹಚ್ಚಿದರೆ ಮುಳ್ಳು ಕಡಿಮೆ ತೋರಿಸುತ್ತದೆ. ಆಗ ಖಾಲಿ ಕೊಳವೆಗೆ ಶಾಕಿನ ಗಾಳಿ ನುಗ್ಗಿರುತ್ತದೆ. ‘ದಿನಾ ಗಾಳಿ ಇಳಿಯುತ್ತಿದೆ’ ಎಂದು ದಿನಾ ಅಳೆದು ನೋಡಿ ಕೊರಗುವವರು ಇಳಿಸುತ್ತಿರುವುದು ತಾವೇ.

ಶಾಕಿನ ಮೇಲೆ ಸಾಮಾನ್ಯವಾಗಿ ಕೆಂಪು ಬಣ್ಣದ ಒಂದು ತಿರುಪು ಇರುತ್ತದೆ. ಕುಗ್ಗಿದ ಶಾಕ್ ಎಷ್ಟು ಬೇಗ ಮೇಲೇಳಬೇಕೆಂದು ತೀರ್ಮಾನಿಸುವುದು ಅದು. ತೀರಾ ಬಿಗಿ ಮಾಡಿದರೆ ಮೊದಲನೆಯ ಕಲ್ಲಿಗೆ ಕುಗ್ಗಿದ್ದು ಎರಡನೆಯ ಕಲ್ಲು ಬರುವ ಹೊತ್ತಿಗೂ ಎದ್ದಿರುವುದಿಲ್ಲ. ನಾಲ್ಕು ಕಲ್ಲು ಕಳೆಯುವಷ್ಟರಲ್ಲಿ ಶಾಕ್ ಪೂರಾ ಕುಸಿದು ಕೂತಿರುತ್ತದೆ. ತೀರಾ ಸಡಿಲ ಬಿಟ್ಟರೆ ಮೊಂಡು ಕುದುರೆಯಂತೆ ಸವಾರನನ್ನು ಹ್ಯಾಂಡಲಿನಾಚೆಗೆ ಎತ್ತಿ ಒಗೆಯಬಹುದು. ಫುಟ್‌ಪಾತಿನ ಅಂಚಿನಿಂದ ಸೀಟಿನಲ್ಲಿ ಕುಳಿತೇ ಕೆಳಗಿಳಿದು ನೋಡಿ. ಒಂದು ಸಲ ಎದ್ದು ತಣ್ಣಗಾದರೆ ಸರಿ. ಉಳಿದ ತಿರುಪುಗಳ ಗೊಡವೆಗೆ ಮೊದಲ ಆರು ತಿಂಗಳು ಹೋಗದಿದ್ದರೆ ನಷ್ಟವೇನಿಲ್ಲ.

ಹಿಂಭಾಗದ ಕೀಲುಗಳ ವಿನ್ಯಾಸಗಳು ಹತ್ತಾರು. ಬಾಗಿಲಿನಂತೆ ಒಂದೇ ಕೀಲಿನ ಮೇಲೆ ಆಡುವವೂ ಇವೆ. ಆಸ್ಟ್ರಿಯಾ ಮೂಲದ ಹೋರ್ಸ್ಟ್ ಲೈಟ್ನರ್ ಹಿಂಗಾಲಿಯ ಅಚ್ಚಿನ ಮುಂದೆಯೇ ಒಂದು ಕೀಲನ್ನಿಟ್ಟು ರೂಪಿಸಿದ, ಅವನ ಹೆಸರಿನಿಂದಲೇ ಕರೆಯುವ ‘ಹೋರ್ಸ್ಟ್ ಲಿಂಕ್’ ಮಾದರಿಯವೂ ಇವೆ. ತುಳಿದಾಗ ಕುಣಿಯಬಾರದು, ಬ್ರೇಕು ಹಿಡಿದಾಗ ಬಿಗಿಯಬಾರದು, ಎಲ್ಲ ಜಗಳವೂ ಅದರ ಸುತ್ತಲೇ. ಕೊಂಡವನಿಗೆ ಮುಖ್ಯವಾದದ್ದು ಕೀಲುಗಳೊಳಗಿನ ಬೇರಿಂಗು. ಗಾಲಿಯ ಬೇರಿಂಗು ಸುತ್ತು ಸುತ್ತು ತಿರುಗಿ ಗ್ರೀಸನ್ನು ಎಲ್ಲೆಡೆ ಸವರಿಕೊಳ್ಳುತ್ತದೆ. ಕೀಲಿನ ಬೇರಿಂಗಿಗೆ ಆ ಭಾಗ್ಯವಿಲ್ಲ; ಕೆಲವೇ ಡಿಗ್ರಿ ಹಿಂದೆ-ಮುಂದೆ ಆಡಿ, ಗುಂಡುಗಳೆಲ್ಲ ಕೂತ ಜಾಗದಲ್ಲೇ ಕೂತು ತಗ್ಗು ಕೊರೆಯುತ್ತವೆ. ಅಲ್ಲಿಗೆ ನೀರು ಸೇರಿದರೆ ತುಕ್ಕು. ವರ್ಷಕ್ಕೊಮ್ಮೆ ಶಾಕಿನ ಒಂದು ಬೋಲ್ಟು ಕಳಚಿ, ಹಿಂಗಾಲಿಯನ್ನು ಕೈಯಿಂದ ಎತ್ತಿ-ಇಳಿಸಿ ನೋಡಿದರೆ ಎಲ್ಲ ತಿಳಿಯುತ್ತದೆ: ನಯವಾಗಿ ಇಳಿಯಬೇಕು, ಕರಕರ ಎನ್ನಬಾರದು. ಸೀಟು ಹಿಡಿದು ಸೈಕಲ್ಲನ್ನು ಮೆಲ್ಲಗೆ ಎತ್ತುವಾಗ ‘ಟಕ್’ ಎಂದರೆ ಶಾಕಿನ ಬುಷ್ ಸವೆದಿರಬಹುದು. ಬೋಲ್ಟುಗಳನ್ನು ಕಂಪನಿ ಬರೆದಷ್ಟೇ ಬಿಗಿಯಲು ಟಾರ್ಕ್ ರೆಂಚ್ ಬೇಕು. ಬಲಗೈ ಬಂಟರು ಪಾನಾ ಹಿಡಿದು ಬಿಗಿದ ಅಲ್ಯೂಮಿನಿಯಂ ಮರೆಗಳ ಪಾಡು ಹೇಳತೀರದು.

ಸಸ್ಪೆನ್ಷನ್ನಿನ ಆಯುಷ್ಯ ನಿಂತಿರುವುದು ಕೆಲವು ರೂಪಾಯಿಯ ರಬ್ಬರ್ ಸೀಲುಗಳ ಮೇಲೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟದ ದಾರಿಗಳಲ್ಲಿ ಬೇಸಿಗೆಯಲ್ಲಿ ಹಿಟ್ಟಿನಂಥ ಕೆಂಪು ಧೂಳು, ಮಳೆಗಾಲದಲ್ಲಿ ಅದೇ ಧೂಳಿನ ಕೆಸರು. ಕಂಬಕ್ಕೆ ಹತ್ತಿದ ಮಣ್ಣು ಸೀಲಿನ ಅಂಚಿಗೆ ಸೇರಿದರೆ ಶಾಕ್ ಆಡಿದಾಗಲೆಲ್ಲ ಉಪ್ಪುಕಾಗದ ಉಜ್ಜಿದಂತೆ. ಕಂಬದ ನುಣುಪಿನಲ್ಲಿ ಒಂದು ಗೀರು ಬಿತ್ತೆಂದರೆ ಎಣ್ಣೆ ಹೊರಕ್ಕೆ, ಕೆಸರು ಒಳಕ್ಕೆ. ಆಮೇಲೆ ಬದಲಿಸಬೇಕಾದದ್ದು ಸೀಲನ್ನಲ್ಲ, ಕಂಬವನ್ನೇ. ಸವಾರಿ ಮುಗಿದೊಡನೆ ಮೆತ್ತನೆಯ ಹಳೆಯ ಬಟ್ಟೆಯಿಂದ ಮುಂದಿನ ಎರಡು, ಹಿಂದಿನ ಒಂದು ಕಂಬ ಒರೆಸುವುದು ಒಂದು ನಿಮಿಷದ ಕೆಲಸ. ಲಾರಿ ತೊಳೆಯುವ ಸರ್ವಿಸ್ ಸ್ಟೇಷನ್ನಿಗೆ ಒಯ್ದು ರಭಸದ ನೀರು ಹೊಡೆಸುವುದಂತೂ ಕೂಡದೇ ಕೂಡದು. ಅದು ಸೀಲು ದಾಟಿ ಒಳಗೆ ನುಗ್ಗುತ್ತದೆ. ಬಕೆಟ್ಟು, ಬ್ರಷ್ಷು ಸಾಕು. ತುಕ್ಕು ಬಿಡಿಸುವ ಸ್ಪ್ರೇಗಳನ್ನು ಸೀಲಿನ ಹತ್ತಿರ ತರಬಾರದು.

ಫೋರ್ಕಿನ ಕೆಳಗಿನ ಕಾಲುಗಳಲ್ಲಿ ಜಾರಿಕೆಗೆಂದು ಇರುವ ಎಣ್ಣೆ ಕೆಲವೇ ಮಿಲಿಲೀಟರು. ರಾಕ್‌ಶಾಕ್ಸ್ ಕಂಪನಿ ತನ್ನ ಹಲವು ಮಾದರಿಗಳಿಗೆ ಇದನ್ನು 50 ಗಂಟೆ ಸವಾರಿಗೊಮ್ಮೆ ಬದಲಿಸಲು ಹೇಳಿದರೆ, ಫಾಕ್ಸ್ ಕಂಪನಿ 125 ಗಂಟೆ ಅಥವಾ ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಲು ಹೇಳುತ್ತದೆ. ವಾರಕ್ಕೆ ಮೂರು ಗಂಟೆ ತುಳಿಯುವವನಿಗೆ 50 ಗಂಟೆ ಎಂದರೆ ನಾಲ್ಕು ತಿಂಗಳು. ಮಲೆನಾಡಿನ ಮಳೆಯಲ್ಲಿ ತುಳಿದವರು ಅಷ್ಟೂ ಕಾಯಬಾರದು. ಕೈ ಕುದುರಿದವರು ಮನೆಯಲ್ಲೇ ಮಾಡಬಹುದು: ಮೊದಲು ಗಾಳಿ ಪೂರ್ತಿ ಬಿಟ್ಟು, ತಳದ ಬೋಲ್ಟು ಸಡಿಲಿಸಿ, ಕಾಲುಗಳನ್ನು ಕೆಳಕ್ಕೆಳೆದರೆ ಹಳೆಯ ಎಣ್ಣೆ ಸೋರುತ್ತದೆ. ಅದು ಹಾಲು ಬೆರೆಸಿದಂತಿದ್ದರೆ ಒಳಗೆ ನೀರು ಹೋಗಿದೆ. ಹೊಸ ಎಣ್ಣೆ ಕಂಪನಿ ಹೇಳಿದ ಜಾತಿಯದೇ ಆಗಬೇಕು, ಡಾಕ್ಟರ ಸಿರಿಂಜಿನಲ್ಲಿ ಅಳೆದೇ ಹಾಕಬೇಕು. ‘ಇನ್ನೊಂದಿಷ್ಟು ಇರಲಿ’ ಎಂದು ಸುರಿದರೆ ಒಳಗಿನ ಗಾಳಿಗೆ ಜಾಗ ಕಡಿಮೆಯಾಗಿ ಫೋರ್ಕು ಪೂರ್ತಿ ಕುಗ್ಗುವುದಿಲ್ಲ. ಇಷ್ಟೆಲ್ಲ ಮಾಡುವಾಗ ಒಂದು ಹನಿಯೂ ಡಿಸ್ಕ್ ಬ್ರೇಕಿನ ಬಿಲ್ಲೆಯ ಮೇಲೆ ಬೀಳದಂತೆ ಗಾಲಿಯನ್ನು ದೂರ ಇಡಬೇಕು. ಎಣ್ಣೆ ಕುಡಿದ ಬ್ರೇಕು ಇಳಿಜಾರಿನಲ್ಲಿ ಕೈಕೊಡುತ್ತದೆ.

ಹಿಂದಿನ ಶಾಕಿನ ಮಾತು ಬೇರೆ. ಕೆಲವೊಮ್ಮೆ ಒಳಗಿನ ಸೀಲು ಕೆಟ್ಟು, ಮೇಲಿನ ಕೋಣೆಯ ಗಾಳಿಯೆಲ್ಲ ಎದುರು ಕೋಣೆಗೆ ಸೋರಿ, ಶಾಕ್ ಕುಗ್ಗಿದ ಸ್ಥಿತಿಯಲ್ಲೇ ಕಚ್ಚಿ ನಿಲ್ಲುತ್ತದೆ, ಎಳೆದರೂ ಬಾರದು. ವಾಲ್ವಿನಿಂದ ಗಾಳಿ ಬಿಟ್ಟರೆ ಒಂದು ಕೋಣೆ ಮಾತ್ರ ಖಾಲಿಯಾಗುತ್ತದೆ, ಇನ್ನೊಂದರಲ್ಲಿ ಒತ್ತಡ ಹಾಗೇ ಇರುತ್ತದೆ. ‘ಗಾಳಿ ಬಿಟ್ಟಾಯಿತಲ್ಲ’ ಎಂದು ಡಬ್ಬಿ ತಿರುಗಿಸಿ ಬಿಚ್ಚಿದರೆ ಅದು ಗುಂಡಿನಂತೆ ಸಿಡಿದು ಮುಖಕ್ಕೋ ಕೈಗೋ ಬಡಿಯಬಹುದು. ಕುಗ್ಗಿ ಕಚ್ಚಿಕೊಂಡ ಶಾಕನ್ನು ಮನೆಯಲ್ಲಿ ಬಿಚ್ಚಬಾರದು. ಊರ ಸೈಕಲ್ ರಿಪೇರಿಯವನಿಗೂ ಕೊಡಬಾರದು, ಬೈಕ್ ಮೆಕ್ಯಾನಿಕ್ಕಿಗೂ ಕೊಡಬಾರದು. ತಿಳಿದವರಿದ್ದ ಸರ್ವಿಸ್ ಸೆಂಟರಿಗೆ ಹಾಗೆಯೇ ಒಯ್ಯಬೇಕು, ಅದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕಟ್ಟಿ.