ನೆರವಿನ ಷರತ್ತು ಯಾರ ತಟ್ಟೆಯ ಮೇಲೆ?

ಯುದ್ಧಪೀಡಿತ ದೇಶಗಳಿಗೆ ಹೊರನಾಡುಗಳು ನೀಡುವ ನೆರವಿಗೆ ಕಾನೂನಿನ ಷರತ್ತುಗಳು ಇರಬೇಕೇ, ಇದ್ದರೆ ಎಂಥವು ಇರಬೇಕು ಎಂಬ ಪ್ರಶ್ನೆಯನ್ನು ಈ ಅಂಕಣದಲ್ಲಿ ಎತ್ತಿದರೆ, ಊರಿಗಾಂ, ಮಾರಿಕುಪ್ಪಂ, ಬಂಗಾರಪೇಟೆಗಳ ನಮ್ಮ ಕುಟುಂಬಗಳಲ್ಲಿ ಕೆಲವರಾದರೂ ‘ಇದು ದೆಹಲಿಯವರ, ವಾಷಿಂಗ್‌ಟನ್ನಿನವರ ಮಾತು, ನಮಗೇತಕ್ಕೆ?’ ಎಂದು ಕೇಳಿಯಾರು. ಆದರೆ ಈ ಮಾತಿನ ರುಚಿಯನ್ನು ನಮ್ಮ ಹಿರಿಯರು ನಾಲಿಗೆಯಿಂದಲೇ ಬಲ್ಲರು. ಅರವತ್ತರ ದಶಕದಲ್ಲಿ ಅಂದಿನ ಮೈಸೂರು ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನ ಬಡಿಸುತ್ತಿದ್ದ ಗೋಧಿಯ ಉಪ್ಪಿಟ್ಟು, ಕಲಸಿ ಕೊಡುತ್ತಿದ್ದ ಪುಡಿಹಾಲು ಎಲ್ಲಿಂದ ಬಂದವು? ‘ಕೇರ್’ ಸಂಸ್ಥೆ, ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಮೊದಲಾದವುಗಳ ಮೂಲಕ ನಮ್ಮ ದೇಶದಲ್ಲಿ ಹಂಚಿಕೆಯಾದ ಆ ಧಾನ್ಯದ ಹಿಂದೆ ಅಮೆರಿಕದ ಒಂದು ಕಾನೂನು ಇತ್ತು. 1954ರಲ್ಲಿ ಜಾರಿಗೆ ಬಂದ ಅದನ್ನು ಪಿ.ಎಲ್. 480 ಎಂದೇ ನಮ್ಮ ಪತ್ರಿಕೆಗಳು ಕರೆದವು.

ಆ ಉಪ್ಪಿಟ್ಟಿಗೂ ಯುದ್ಧಕ್ಕೂ ಇದ್ದ ನಂಟು 1965ರಲ್ಲಿ ಬಯಲಾಯಿತು. ಆ ಸೆಪ್ಟೆಂಬರಿನಲ್ಲಿ ಭಾರತ, ಪಾಕಿಸ್ತಾನಗಳ ನಡುವೆ ಕಾಳಗ ಹತ್ತಿಕೊಂಡೊಡನೆ ಅಮೆರಿಕವು ಎರಡೂ ದೇಶಗಳಿಗೆ ಶಸ್ತ್ರಾಸ್ತ್ರ ನೆರವನ್ನು ನಿಲ್ಲಿಸಿತು. ಇದರ ಬಗ್ಗೆ ನಮಗೆ ತಕರಾರಿಲ್ಲ. ಹೊಡೆದಾಡುವವರಿಬ್ಬರ ಕೈಗೂ ಕತ್ತಿ ಕೊಡಲಾರೆ ಎನ್ನುವುದು ನೆರೆಯವನ ಹಕ್ಕು. ಆದರೆ ಗೋಧಿಯ ವಿಚಾರ ಹಾಗಾಗಲಿಲ್ಲ. ಮಳೆ ಎರಡು ವರ್ಷ ಕೈಕೊಟ್ಟಿತ್ತು, ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಜನತೆಯನ್ನು ಕೇಳಿಕೊಂಡಿದ್ದರು. ಇಂಥ ಹೊತ್ತಿನಲ್ಲಿ ಅಧ್ಯಕ್ಷ ಜಾನ್ಸನ್‌ರವರು ಧಾನ್ಯದ ಹಡಗುಗಳನ್ನು ಸ್ವಲ್ಪ ಸ್ವಲ್ಪವಾಗಿಯೇ ಬಿಡುತ್ತಾ, ನಮ್ಮ ಸರ್ಕಾರದ ಕೃಷಿ ನೀತಿಯ ಮೇಲೂ ವಿಯೆಟ್ನಾಂ ಕುರಿತು ನಾವು ಆಡಿದ ಮಾತಿನ ಮೇಲೂ ಕಣ್ಣಿಟ್ಟಿದ್ದರು. 1966ರಲ್ಲಿ ತಿದ್ದಿದ ಕಾನೂನು, ಉತ್ತರ ವಿಯೆಟ್ನಾಂ ಅಥವಾ ಕ್ಯೂಬಾ ಜೊತೆ ವ್ಯಾಪಾರ ಮಾಡುವ ದೇಶಗಳಿಗೆ ಈ ಧಾನ್ಯದ ಮಾರಾಟವನ್ನೇ ನಿರ್ಬಂಧಿಸಿತು. ಬರ ಬಿದ್ದ ಬಿಹಾರದ ಕೂಲಿಕಾರನಿಗೂ ಹನೋಯ್ ನಗರಕ್ಕೂ ಎಲ್ಲಿಯ ಸಂಬಂಧ?

ಷರತ್ತಿನ ಈ ಸ್ವಭಾವ ಗಣಿಯ ಜನಕ್ಕೆ ಹೊಸದಲ್ಲ. ಜಾನ್ ಟೇಲರ್ ಕಂಪನಿಯ ಕಾಲದಿಂದಲೂ ಲೈನುಮನೆ ಕೆಲಸದೊಡನೆ ಕಟ್ಟಿಕೊಂಡ ಮನೆ. ಕೆಲಸ ಹೋದರೆ ಸೂರಿನ ಪ್ರಶ್ನೆ ತಾನೇ ಏಳುತ್ತಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಅದರ ನಷ್ಟದ ಲೆಕ್ಕ ದೆಹಲಿಯ ಕಡತದಲ್ಲಿತ್ತು. ಆ ಲೆಕ್ಕ ಬರೆದವನು ಮನೆ ಖಾಲಿ ಮಾಡಬೇಕಾಗಿರಲಿಲ್ಲ.

ಹಾಗಾದರೆ ಷರತ್ತೇ ಬೇಡವೆ? ನಾವು ಹಾಗೆ ಹೇಳುವುದಿಲ್ಲ. ಕೊಟ್ಟ ಹಣ ಫಿರಂಗಿಗೆ ಹೋದೀತು, ಸೇನಾಪತಿಯ ಅಳಿಯನ ಗೋದಾಮಿಗೆ ಹೋದೀತು ಎಂಬ ಭಯ ನಿರಾಧಾರವಲ್ಲ. ಶುಭಸಂದೇಶದ ಸಮಾರಿತನೂ ಲೆಕ್ಕ ಬಿಟ್ಟವನಲ್ಲ. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ತೀರಿಸುವೆನೆಂದು ಮಾತು ಕೊಟ್ಟ. ಲೆಕ್ಕ ಇದ್ದದ್ದು ಛತ್ರದವನೊಡನೆ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ನೀನು ಯಾವ ಊರಿನವನು, ಯಾವ ಪಕ್ಷದವನು ಎಂದು ಅವನು ಕೇಳಲಿಲ್ಲ. ಇದನ್ನೇ ಕಾನೂನಿನ ಭಾಷೆಗೆ ತಂದರೆ ನಮ್ಮ ವಾದ ಮುಗಿಯಿತು: ಷರತ್ತು ಆಳುವವನ ಮೇಲೆ, ಹಂಚುವವನ ಮೇಲೆ ಇರಲಿ, ಉಣ್ಣುವವನ ಮೇಲೆ ಬೇಡ.

ಇದು ಬರಿಯ ಪ್ರವಚನವೆಂದು ವಾಚಕರು ತಿಳಿಯಬಾರದು. ಅಮೆರಿಕದ ವಿದೇಶೀ ನೆರವಿನ ಕಾನೂನಿಗೆ 1975ರಲ್ಲಿ ಸೇರಿದ ಒಂದು ವಿಧಿಯು, ಮಾನವ ಹಕ್ಕುಗಳನ್ನು ಎಡೆಬಿಡದೆ ತುಳಿಯುವ ಸರ್ಕಾರಗಳಿಗೆ ಅಭಿವೃದ್ಧಿಯ ನೆರವು ಸಲ್ಲದೆಂದು ಸಾರಿತು. ಆದರೆ ಆ ನೆರವು ಬಡಜನರಿಗೆ ನೇರವಾಗಿ ತಲುಪುವುದಾದರೆ ಕೊಡಬಹುದೆಂದು ಅದೇ ವಿಧಿಯಲ್ಲಿ ಬಾಗಿಲು ತೆರೆದಿಟ್ಟಿತು. 1998ರಲ್ಲಿ ಪೋಖ್ರಾನ್ ಅಣುಸ್ಫೋಟದ ಬಳಿಕ ಭಾರತದ ಮೇಲೆಯೇ ನಿರ್ಬಂಧ ಬಂದಾಗಲೂ ಆಹಾರಕ್ಕೂ ಮಾನವೀಯ ನೆರವಿಗೂ ಆ ಕಾನೂನು ವಿನಾಯಿತಿ ಕೊಟ್ಟಿತ್ತು. ಮನಸ್ಸಿದ್ದರೆ ಅಂಥ ಕಾನೂನು ಬರೆಯಲು ಬರುತ್ತದೆ.

ಬರೆಯದಿದ್ದರೆ ಏನಾಗುತ್ತದೆಂಬುದನ್ನು ಯೆಮನ್ ತೋರಿಸಿದೆ. ಆ ದೇಶ ನಮ್ಮ ಸಮುದಾಯಕ್ಕೆ ಅಪರಿಚಿತವಲ್ಲ. 2016ರ ಮಾರ್ಚ್ 4ರಂದು ಏಡನ್ನಿನ ವೃದ್ಧರ ಆಶ್ರಮದಲ್ಲಿ ಮದರ್ ತೆರೇಸಾರವರ ಸಭೆಯ ನಾಲ್ವರು ಧರ್ಮಭಗಿನಿಯರು ಕೊಲೆಯಾದರು. ಸಲೇಸಿಯನ್ ಸಭೆಯ ಬೆಂಗಳೂರು ಪ್ರಾಂತ್ಯದ ವಂದನೀಯ ಟಾಮ್ ಉಳುನ್ನಾಲಿಲ್‌ರವರನ್ನು ಅಪಹರಿಸಲಾಯಿತು. ಅವರ ಬಿಡುಗಡೆಗಾಗಿ 2017ರ ಸೆಪ್ಟೆಂಬರ್‌ವರೆಗೆ ನಮ್ಮ ಜನ ಪ್ರಾರ್ಥಿಸಿದ್ದು ಇನ್ನೂ ನೆನಪಿದೆ. ತನಗೆ ಬೇಕಾದ ಗೋಧಿಯಲ್ಲಿ ಬಹುಪಾಲನ್ನು ಹೊರಗಿನಿಂದಲೇ ತರಿಸುವ ದೇಶವದು. 2021ರ ಜನವರಿಯಲ್ಲಿ ಅಮೆರಿಕವು ಉತ್ತರ ಭಾಗವನ್ನಾಳುವ ಹೌತಿಗಳನ್ನು ಭಯೋತ್ಪಾದಕರ ಪಟ್ಟಿಗೆ ಸೇರಿಸಿತು. ಹೌತಿಗಳು ನಿರಪರಾಧಿಗಳೆಂದು ನಾವು ಹೇಳುತ್ತಿಲ್ಲ. ಆದರೆ ಆ ಪಟ್ಟಿಯ ಫಲವಾಗಿ ಧಾನ್ಯ ತರುವ ವರ್ತಕ, ಹಣ ಸಾಗಿಸುವ ಬ್ಯಾಂಕು ಎಲ್ಲರೂ ಮೊಕದ್ದಮೆಗೆ ಹೆದರಿ ಹಿಂಜರಿಯುವರು, ಕ್ಷಾಮ ತಲೆಯೆತ್ತುವುದು ಎಂದು ಪರಿಹಾರ ಸಂಸ್ಥೆಗಳು ಕೂಗಿಕೊಂಡವು. ಮರುತಿಂಗಳೇ ಹೊಸ ಸರ್ಕಾರ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. 2025ರ ಮಾರ್ಚಿನಲ್ಲಿ ಮತ್ತೆ ಹೇರಲಾಯಿತು. ಹೀಗೆ ಹೇರುವ, ತೆಗೆಯುವ ಆಟದಲ್ಲಿ ಬಂದೂಕು ಹಿಡಿದವನಿಗೆ ಊಟ ತಪ್ಪಿದ ವರ್ತಮಾನವನ್ನು ನಾವು ಎಲ್ಲಿಯೂ ಓದಿಲ್ಲ.

ಈ ಸಂಕಟವನ್ನು ಕಂಡೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2022ರ ಡಿಸೆಂಬರ್ 9ರಂದು 2664ನೆಯ ನಿರ್ಣಯವನ್ನು ಅಂಗೀಕರಿಸಿ, ತನ್ನ ನಿರ್ಬಂಧಗಳಲ್ಲಿ ಆಸ್ತಿ ಮುಟ್ಟುಗೋಲಿನ ನಿಯಮವು ಮಾನವೀಯ ನೆರವಿಗೆ ಅಡ್ಡ ಬರಬಾರದೆಂದು ಹೇಳಿತು. ಹದಿನೈದು ಸದಸ್ಯರಲ್ಲಿ ಹದಿನಾಲ್ವರು ಪರವಾಗಿ ಮತ ಹಾಕಿದರು. ತಟಸ್ಥವಾಗಿ ಉಳಿದ ಒಂದೇ ದೇಶ ಭಾರತ. ಆ ತಿಂಗಳು ಮಂಡಳಿಯ ಅಧ್ಯಕ್ಷ ಪೀಠವೂ ನಮ್ಮದೇ ಆಗಿತ್ತು. ನಿಷೇಧಿತ ಉಗ್ರ ಸಂಘಟನೆಗಳು ನೆರೆಯಲ್ಲಿ ದಾನಧರ್ಮದ ವೇಷ ತೊಟ್ಟು ಹಣ ಎತ್ತುತ್ತಿವೆ, ಈ ವಿನಾಯಿತಿ ಅವರಿಗೆ ನೆರವಾದೀತು ಎಂಬುದು ನಮ್ಮ ಸರ್ಕಾರದ ವಾದ. ಮುಂಬಯಿಯ 2008ರ ನವೆಂಬರನ್ನು ಕಂಡ ದೇಶ ಹೀಗೆ ಆತಂಕಪಡುವುದು ಸಹಜ. ಆದರೂ ಆ ಮತದ ಬಗ್ಗೆ ನಮಗೆ ಸಮಾಧಾನವಿಲ್ಲ. ವೇಷಧಾರಿಯನ್ನು ಹಿಡಿಯುವ ದಾರಿ ಲೆಕ್ಕಪರಿಶೋಧನೆ. ಛತ್ರದ ಬಾಗಿಲಿಗೇ ಬೀಗ ಹಾಕುವುದಲ್ಲ.

ಅದನ್ನು ಭಾರತ ಅದೇ ವರ್ಷ ಮಾಡಿಯೂ ತೋರಿಸಿತ್ತು. ತಾಲಿಬಾನಿನ ಕೈಗೆ ಸಿಕ್ಕಿದ ಆಫ್ಘಾನಿಸ್ತಾನಕ್ಕೆ ನಾವು 50,000 ಟನ್ ಗೋಧಿ ಕೊಡುವೆವೆಂದಾಗ, ಆ ಆಳ್ವಿಕೆಯನ್ನು ಮಾನ್ಯ ಮಾಡಿರಲಿಲ್ಲ. ಗೋಧಿಯನ್ನು ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಹಂಚಿಸುವ ಒಪ್ಪಂದವಾಯಿತು. ಪಾಕಿಸ್ತಾನವು ತನ್ನ ನೆಲದ ಮೇಲೆ ಲಾರಿ ಯಾರದೆಂಬ ತಗಾದೆ ತೆಗೆದು ತಿಂಗಳುಗಟ್ಟಲೆ ಕಳೆಯಿತು. ಕಡೆಗೆ ಆಫ್ಘನ್ ಲಾರಿಗಳೇ ಅಟ್ಟಾರಿ ಗಡಿಗೆ ಬಂದು ಹೊರುವುದೆಂದಾಯಿತು. 2022ರ ಫೆಬ್ರವರಿ 22ರಂದು 50 ಲಾರಿಗಳಲ್ಲಿ 2,500 ಟನ್ನಿನ ಮೊದಲ ಕಂತು ಹೊರಟಿತು. ತಾಲಿಬಾನಿಗೆ ಮಾನ್ಯತೆ ಸಿಗಲಿಲ್ಲ, ಗೋಧಿ ಮಾತ್ರ ಹೋಯಿತು. ಇಷ್ಟು ಚೆನ್ನಾಗಿ ಗೆರೆ ಎಳೆಯಬಲ್ಲ ಸರ್ಕಾರ ಅದನ್ನೇ ನಿಯಮವಾಗಿ ಬರೆಯಲು ಡಿಸೆಂಬರಿನಲ್ಲಿ ಏಕೆ ಹಿಂಜರಿಯಿತೋ!

ಇನ್ನು ನಮ್ಮ ಮನೆಯೊಳಗಿನ ಮಾತು. ಹೊರದೇಶದಿಂದ ಬರುವ ಕಾಣಿಕೆಯನ್ನು ನಿಯಂತ್ರಿಸುವ ಕಾಯಿದೆ ನಮ್ಮಲ್ಲಿ 1976ರಿಂದ ಇದೆ. 2010ರಲ್ಲಿ ಹೊಸದಾಯಿತು, 2020ರಲ್ಲಿ ಬಿಗಿಯಾಯಿತು. ಹಣವು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇಕಡಾ 20ನ್ನು ಮೀರಬಾರದು. ನೋಂದಾಯಿತ ಸಂಸ್ಥೆಯು ಆ ಹಣವನ್ನು ಇನ್ನಾವ ಸಂಸ್ಥೆಗೂ, ಅದೂ ನೋಂದಾಯಿತವಾಗಿದ್ದರೂ, ವರ್ಗಾಯಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್ 8ರಂದು ಈ ತಿದ್ದುಪಡಿಯನ್ನು ಎತ್ತಿಹಿಡಿದಿದೆ. ತೀರ್ಪಿಗೆ ತಲೆಬಾಗೋಣ. ಖಾತೆಯ ಷರತ್ತು, ವೆಚ್ಚದ ಷರತ್ತುಗಳನ್ನು ನಾವು ವಿರೋಧಿಸುವುದೂ ಇಲ್ಲ. ನಮ್ಮ ಸಂಸ್ಥೆಗಳ ಲೆಕ್ಕ ಗಾಜಿನಂತೆ ಇರತಕ್ಕದ್ದು. ಆದರೆ ವರ್ಗಾವಣೆಯ ನಿಷೇಧ ಬೇರೆಯ ಮಾತು. 2023ರ ಮೇ 3ರಿಂದ ಮಣಿಪುರದಲ್ಲಿ ಹತ್ತಿದ ಕಿಚ್ಚಿನಲ್ಲಿ 60,000ಕ್ಕೂ ಹೆಚ್ಚು ಜನ ಮನೆ ತೊರೆದರು. ಬೆಟ್ಟದ ದಾರಿಯ ಶಿಬಿರಕ್ಕೆ ತಲುಪಬಲ್ಲವರು ಅಲ್ಲಿನ ಪುಟ್ಟ ಸಂಘದವರು, ಭಾಷೆ ಬಲ್ಲವರು. ಹೊರಗಿನಿಂದ ಹಣ ಪಡೆದ ದೊಡ್ಡ ಸಂಸ್ಥೆ ಅವರ ಕೈಗೆ ಅದನ್ನು ಒಪ್ಪಿಸುವಂತಿಲ್ಲ. ತಾನೇ ಖರ್ಚು ಮಾಡಬೇಕು. ಗಲಭೆ, ಯುದ್ಧ, ನೆರೆ, ಭೂಕಂಪಗಳ ಕಾಲಕ್ಕಾದರೂ, ಜಿಲ್ಲಾಧಿಕಾರಿಗೆ ಲೆಕ್ಕ ಒಪ್ಪಿಸುವ ಕಟ್ಟಳೆಯೊಡನೆ, ಒಂದು ಅವಧಿಯ ವಿನಾಯಿತಿಯನ್ನು ಸಂಸತ್ತು ಬರೆದಿಡಬೇಕೆಂಬುದು ನಮ್ಮ ಬೇಡಿಕೆ. ಇದನ್ನು ಶಿಬಿರ ಎದ್ದ ಮೇಲೆ ಬರೆಯಲು ಕುಳಿತರೆ ತಡವಾಗುತ್ತದೆ. ನಮ್ಮ ಮತ ಕೇಳಲು ಬರುವ ಅಭ್ಯರ್ಥಿಗಳ ಮುಂದೆ ರಸ್ತೆ, ನೀರಿನ ಜೊತೆಗೆ ಈ ಮಾತನ್ನೂ ಇಡಬಾರದೇಕೆ?

ಅಲ್ಲಿಯವರೆಗೆ ವಾಚಕರು ತಿಳಿದಿರಬೇಕಾದ ಸಂಗತಿಯೊಂದಿದೆ. 2025ರ ಜುಲೈ 1ರಂದು ಅಮೆರಿಕದ ನೆರವು ಸಂಸ್ಥೆ ಯು.ಎಸ್. ಏಡ್ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಕಾಳು ಕಡಮೆಯಾಗಿದೆ. ಆದರೆ ತಪಸ್ಸುಕಾಲದಲ್ಲಿ ಧರ್ಮಕೇಂದ್ರಗಳಲ್ಲಿ ಕಾರಿತಾಸ್ ಇಂಡಿಯಾದ ಪರವಾಗಿ ಒಟ್ಟುಗೂಡುವ ಹಣ ನಮ್ಮದೇ ನಾಡಿನ ರೂಪಾಯಿ; ವಿದೇಶೀ ಕಾಣಿಕೆಯ ಕಾಯಿದೆ ಅದಕ್ಕೆ ತಗಲುವುದಿಲ್ಲ. ಮಣಿಪುರದ ಪುಟ್ಟ ಸಂಘದ ಕೈಗೂ ಅದು ಹೋಗಬಲ್ಲದು.